ಬಿಗಿ ಹಿಡಿದಷ್ಟೂ ಬೇಗ ಜಾರುವ ಚೆಂಡು

ಶನಿವಾರ ಸಂಜೆ ಬೆಂಗಳೂರಿನ ಯಾವುದಾದರೂ ಮಾಲ್‌ನ ಬೌಲಿಂಗ್ ಸೆಂಟರಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಸಲಹೆ ಕಿವಿಗೆ ಬಿದ್ದೇ ಬೀಳುತ್ತದೆ: ‘ಲೋ, ಗಟ್ಟಿಯಾಗಿ ಹಿಡ್ಕೊಳೋ!’ ಅಷ್ಟರಲ್ಲಿ ಚೆಂಡು, ಆಟಗಾರರು ತುಳಿಯಬಾರದ ಗೆರೆಯಾದ ಫೌಲ್ ಲೈನ್ ದಾಟುವ ಮೊದಲೇ ಕೈಯಿಂದ ಜಾರಿ, ಧಡ್ ಎಂದು ನೆಲಕ್ಕೆ ಬಡಿದು, ಜೀವವಿಲ್ಲದಂತೆ ಲೇನಿನ ಪಕ್ಕದ ಕಾಲುವೆ, ಅಂದರೆ ಗಟರ್‌ನತ್ತ ಹೊರಳುತ್ತಿರುತ್ತದೆ. ಮುಂದಿನ ಸರದಿಯಲ್ಲಿ ಹುಡುಗ ಹಲ್ಲು ಕಚ್ಚಿ ಹಿಡಿಯುತ್ತಾನೆ. ಚೆಂಡು ಇನ್ನೂ ಬೇಗ ಬೀಳುತ್ತದೆ. ಕೊನೆಗೆ ‘ನನ್ನ ಕೈಯಲ್ಲಿ ಶಕ್ತಿ ಸಾಲದು’ ಎಂದುಕೊಂಡು ಹೋಗಿ ಕೂರುತ್ತಾನೆ.

ಈ ಆಟದಲ್ಲಿ ಇಷ್ಟು ಸುಲಭವಾಗಿ ಸಿಗುವ, ಇಷ್ಟು ಹಾನಿ ಮಾಡುವ ಸಲಹೆ ಇನ್ನೊಂದಿಲ್ಲ. ಚೆಂಡು ಬೇಗ ಬೀಳುವುದಕ್ಕೆ ಶಕ್ತಿಯ ಕೊರತೆ ಕಾರಣವಾಗುವುದು ಅಪರೂಪ. ಬಹುಪಾಲು ಸಲ ಕಾರಣ ಹೆಬ್ಬೆರಳಿಗೂ ಅದು ಹೊಕ್ಕಿರುವ ತೂತಿಗೂ ಹೊಂದಿಕೆ ಇಲ್ಲದಿರುವುದು. ಹೊಂದಿಕೆ ಇಲ್ಲದ ಕಡೆ ಬೆರಳು ಹಿಂಡಲು ಶುರು ಮಾಡುತ್ತದೆ. ಹಿಂಡಿದ ಬೆರಳು ಕೊನೆಯವರೆಗೂ ಹಿಂಡಿಕೊಂಡೇ ಇರಲಾರದು.

ಇದು ಕ್ರಿಕೆಟ್‌ನ ಬೌಲಿಂಗ್ ಅಲ್ಲ, ಹತ್ತು ಪಿನ್ ಉರುಳಿಸುವ ಟೆನ್‌ಪಿನ್ ಬೌಲಿಂಗ್. ನಮ್ಮಲ್ಲಿ ಹೆಚ್ಚಿನವರಿಗೆ ಇದರ ಪರಿಚಯವಾಗುವುದು ಹುಟ್ಟುಹಬ್ಬದ ಪಾರ್ಟಿಯಲ್ಲೋ ಆಫೀಸಿನ ಟೀಮ್ ಔಟಿಂಗ್‌ನಲ್ಲೋ. ಆದರೆ ಬೆಂಗಳೂರಿಗೆ ಇದರ ಗಂಭೀರ ಮುಖವೂ ಗೊತ್ತು. ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಸೆಂಟರಿನಲ್ಲಿ ರಾಜ್ಯ ಮತ್ತು ರಾಷ್ಟ್ರ ಮಟ್ಟದ ಟೂರ್ನಿಗಳು ನಡೆದಿವೆ. ಕರ್ನಾಟಕದ ಆಕಾಶ್ ಅಶೋಕ್ ಕುಮಾರ್ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ಮೋಜಿಗೆ ಬಂದವರಲ್ಲಿ ಕೆಲವರಾದರೂ ಈ ಆಟಕ್ಕೆ ಮನಸೋತು ವಾರವಾರ ಬರತೊಡಗುತ್ತಾರೆ. ಅವರ ದಾರಿಗೆ ಅಡ್ಡ ನಿಲ್ಲುವ ಮೊದಲ ಗೋಡೆ ಈ ‘ಧಡ್’.

ಮೊದಲು, ಸರಿಯಾಗಿ ಬಿಟ್ಟ ಚೆಂಡು ಕೈಯಿಂದ ಹೇಗೆ ಹೊರಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಬಲಗೈ ಆಟಗಾರನೆಂದು ಇಟ್ಟುಕೊಳ್ಳಿ. ಅವನ ಎಡಗಾಲು ಫೌಲ್ ಲೈನ್‌ನತ್ತ ಜಾರುತ್ತಾ ಬರುತ್ತಿದೆ, ಮಂಡಿ ಬಾಗಿದೆ, ಬಲಗೈ ಹಿಂದಿನಿಂದ ಕೆಳಗಿಳಿಯುತ್ತಿದೆ. ಚೆಂಡು ಎಡಗಾಲಿನ ಹರಡಿನ ಪಕ್ಕಕ್ಕೆ ಬಂದಾಗ ತೋಳಿನ ಬೀಸು ತನ್ನ ಅತಿ ಕೆಳಗಿನ ಬಿಂದುವಿನಲ್ಲಿರುತ್ತದೆ. ಹೆಬ್ಬೆರಳು ಹೊರಬರುವುದು ಅಲ್ಲಿ. ಆಗಲೂ ಚೆಂಡು ಕೈಯಲ್ಲೇ ಇದೆ. ಮಧ್ಯದ ಬೆರಳು ಮತ್ತು ಉಂಗುರ ಬೆರಳು ಇನ್ನೂ ತೂತಿನೊಳಗಿವೆ, ಅಂಗೈ ಚೆಂಡಿನ ಹಿಂದಿದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಆ ಎರಡು ಬೆರಳುಗಳೇ ಚೆಂಡನ್ನು ಹೊತ್ತು ಮುಂದಕ್ಕೆ ಒಯ್ದು, ಹೊರಡುವಾಗ ಅದಕ್ಕೆ ತಿರುವು ಕೊಡುತ್ತವೆ. ಚೆಂಡು ಫೌಲ್ ಲೈನ್ ದಾಟಿ ಒಂದಡಿ ಆಚೆ ಲೇನಿಗೆ ತಾಗುತ್ತದೆ. ಶಬ್ದ ಹೆಚ್ಚಿಲ್ಲ. ಬಿದ್ದಿತು ಎನ್ನುವುದಕ್ಕಿಂತ ನೆಲಕ್ಕೆ ಸೇರಿಕೊಂಡಿತು ಎನ್ನಬೇಕು.

ಫೌಲ್ ಲೈನಿನಿಂದ ಮೊದಲ ಪಿನ್‌ಗೆ 60 ಅಡಿ. ಲೇನಿನ ಅಗಲ 41.5 ಇಂಚು, ಅಂದರೆ 39 ಹಲಗೆಗಳು. ಮುಂಭಾಗದಲ್ಲಿ ಎಣ್ಣೆ ಸವರಿರುತ್ತಾರೆ. ಚೆಂಡು ಅದರ ಮೇಲೆ ಜಾರುತ್ತಾ ಹೋಗಿ, ಎಣ್ಣೆ ಮುಗಿದ ಕಡೆ ನೆಲ ಕಚ್ಚಿ, ಬೆರಳು ಕೊಟ್ಟ ತಿರುವಿನ ಬಲದಿಂದ ಪಿನ್‌ಗಳತ್ತ ಬಾಗುತ್ತದೆ. ಬೇಗ ಬಿದ್ದ ಚೆಂಡಿಗೆ ಈ ತಿರುವೇ ದಕ್ಕಿರುವುದಿಲ್ಲ. ಹೆಬ್ಬೆರಳು ಕಾಲಿನ ಹಿಂದೆಯೇ ಕಳಚಿಕೊಂಡರೆ ಉಳಿದ ಎರಡು ಬೆರಳು ಅಷ್ಟು ದೂರ ಭಾರ ಹೊತ್ತು ತರಲಾರವು. ಎಲ್ಲ ಬೆರಳುಗಳೂ ಒಟ್ಟಿಗೇ ಕೈಬಿಡುತ್ತವೆ. ಚೆಂಡು ನೇರಕ್ಕೆ ಸಪ್ಪೆಯಾಗಿ ಉರುಳುತ್ತದೆ, ಕೆಲವೊಮ್ಮೆ ಆ ನೇರವೂ ಉಳಿಯುವುದಿಲ್ಲ.

ಹಾಗಾದರೆ ಬಿಗಿಯಾಗಿ ಹಿಡಿದರೆ ಏಕೆ ನಿಲ್ಲುವುದಿಲ್ಲ? ಪ್ರೌಢಶಾಲೆಯಲ್ಲಿ ಕಲಿತ ಲೋಲಕದ ಪಾಠವನ್ನು ನೆನಪಿಸಿಕೊಳ್ಳಿ. ಭಾರವನ್ನು ಭುಜದ ಎತ್ತರದಿಂದ ತಾನೇ ಬೀಳಲು ಬಿಟ್ಟರೆ, ಕೆಳಗಿನ ಬಿಂದು ತಲುಪುವಾಗ ಅದನ್ನು ಹಿಡಿದಿರುವ ದಾರದ ಮೇಲಿನ ಎಳೆತ ಭಾರದ ಮೂರು ಪಟ್ಟು. ಸೊಂಟದ ಎತ್ತರದಿಂದ ಬಿಟ್ಟರೂ ಹೆಚ್ಚುಕಡಿಮೆ ಎರಡು ಪಟ್ಟು. ಇಲ್ಲಿ ದಾರವೆಂದರೆ ನಿಮ್ಮ ತೋಳು, ಗಂಟು ಎಂದರೆ ಬೆರಳು. 14 ಪೌಂಡ್ ಚೆಂಡಿನ ತೂಕ ಸುಮಾರು 6.35 ಕಿಲೋ. ಹಿಂದಕ್ಕೆ ಭುಜದವರೆಗೆ ಬೀಸಿ ತಂದರೆ ಕೆಳಗೆ ಬರುವ ಹೊತ್ತಿಗೆ ಅದು ಕೈಯನ್ನು 19 ಕಿಲೋದಷ್ಟು ಎಳೆಯುತ್ತದೆ. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನ್ ಹೆಚ್ಚುಕಡಿಮೆ ಅಷ್ಟೇ ಭಾರ. ಅದನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ! ಹೆಚ್ಚಿನವರಿಗೆ ಆಗದು. ಚೆಂಡು ನಿಲ್ಲಬೇಕಾದದ್ದು ತೂತಿನ ಗೋಡೆಗೆ ಬೆರಳಿನ ಉದ್ದಕ್ಕೂ ಚರ್ಮ ತಾಗಿಕೊಂಡಿರುವುದರಿಂದ ಮತ್ತು ಬೆರಳುಗಳು ಚೆಂಡಿನ ಅಡಿಗಿರುವುದರಿಂದ. ಹಿಂಡುವಿಕೆಯ ಮೇಲೆ ನಿಂತ ಚೆಂಡು ಎಳೆತ ಹೆಚ್ಚಿದ ಕ್ಷಣಕ್ಕೆ ಜಾರುತ್ತದೆ. ತೋಳು ಕೆಳಗಿಳಿದಂತೆ ಎಳೆತ ಹೆಚ್ಚುತ್ತಾ ಹೋಗಿ, ಬೀಸಿನ ಅತಿ ಕೆಳಗಿನ ಬಿಂದುವಿನಲ್ಲಿ ತುದಿ ಮುಟ್ಟುತ್ತದೆ. ಹಿಂಡಿ ಹಿಡಿದವರ ಚೆಂಡು ಆ ಬಿಂದು ತಲುಪುವ ಮೊದಲೇ, ಕಾಲಿನ ಹಿಂಬದಿಯಲ್ಲಿ ಬೀಳುವುದು ಇದಕ್ಕೇ.

ಹಿಂಡುವುದರಿಂದ ಇನ್ನೊಂದು ನಷ್ಟವೂ ಇದೆ. ಹೆಬ್ಬೆರಳನ್ನು ಮಡಚಿ ಒತ್ತಿದ ಕೂಡಲೇ ಮುಂಗೈ ಬಿಗಿಯುತ್ತದೆ, ಅದರ ಹಿಂದೆಯೇ ಭುಜ. ಬಿಗಿದ ತೋಳು ತಾನಾಗಿ ಬೀಸುವುದಿಲ್ಲ, ಅದನ್ನು ಎಳೆದು ತಳ್ಳಬೇಕಾಗುತ್ತದೆ. ಒಂದೊಂದು ಸಲ ಒಂದೊಂದು ವೇಗ, ಒಂದೊಂದು ದಾರಿ. ಹೀಗಾಗಿ ಚೆಂಡು ಬೀಳುವ ಜಾಗ ಬದಲಾಗುತ್ತಲೇ ಇರುತ್ತದೆ. ಆಟಗಾರನಿಗೆ ತನ್ನ ದೋಷ ಎಲ್ಲಿದೆ ಎಂಬುದೇ ಸಿಗುವುದಿಲ್ಲ.

ಅನುಭವಿ ಕೋಚ್ ಒಬ್ಬರು ಕಾಲೇಜು ಹುಡುಗಿಯೊಬ್ಬಳಿಗೆ ಇದನ್ನು ಹೇಳಿಕೊಟ್ಟ ರೀತಿ ನನಗೆ ಬಹಳ ಹಿಡಿಸಿತು. ಆಕೆ ಸತತವಾಗಿ ಚೆಂಡು ಬೀಳಿಸುತ್ತಿದ್ದಳು. ಅವರು ಆಕೆಯ ನಡಿಗೆಯನ್ನಾಗಲಿ ತೋಳನ್ನಾಗಲಿ ತಿದ್ದಲು ಹೋಗಲಿಲ್ಲ.

‘ಎಲ್ಲಿ, ಹೆಬ್ಬೆರಳು ತೋರಿಸಮ್ಮ.’

ಬೆರಳಿನ ಹಿಂಬದಿ, ಗೆಣ್ಣಿನ ಮೇಲೆ ಚರ್ಮ ಕೆಂಪಗೆ ಉಜ್ಜಿಹೋಗಿತ್ತು.

‘ಸರ್, ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ.’

‘ಅದೇ ಆಗಿರೋದು. ಗೆಣ್ಣು ಮಡಚಿ ಒಳಗಡೆ ಆನಿಸಿಕೊಂಡಿದೀಯ. ತೂತು ನಿನಗೆ ದೊಡ್ಡದಾಯ್ತು ಕಣಮ್ಮ. ಬೇರೆ ಚೆಂಡು ತಗೋ.’

ಆಕೆ ತಂದಿದ್ದು ಎರಡು ಪೌಂಡ್ ಹಗುರಾದ ಚೆಂಡು. ತೂಕ ಇಳಿಸಿದ್ದರಿಂದ ಸರಿಹೋಯಿತು ಎಂದು ನೋಡುತ್ತಿದ್ದವರು ಅಂದುಕೊಂಡರು. ತೂಕದಿಂದ ನೆರವಾಗಿದ್ದು ನಿಜ. ಆದರೆ ಹೆಚ್ಚಿನ ಪಾಲು ಸಲ್ಲಬೇಕಾದದ್ದು ತೂತಿಗೆ. ಸೆಂಟರಿನವರು ಇಟ್ಟಿರುವ ಸಾರ್ವಜನಿಕ ಚೆಂಡುಗಳಲ್ಲಿ, ಭಾರ ಹೆಚ್ಚಿದಂತೆ ಹೆಬ್ಬೆರಳ ತೂತೂ ಸಾಮಾನ್ಯವಾಗಿ ದೊಡ್ಡದಿರುತ್ತದೆ, ತೂತುಗಳ ನಡುವಿನ ಅಂತರವೂ ಹೆಚ್ಚಿರುತ್ತದೆ. ಯಾರ ಬೆರಳೂ ಸಿಕ್ಕಿಹಾಕಿಕೊಳ್ಳಬಾರದೆಂದು ಸಡಿಲವಾಗಿಯೇ ಕೊರೆದಿರುತ್ತಾರೆ. ಸಣ್ಣ ಕೈಯವರು ಭಾರದ ಚೆಂಡು ಎತ್ತಿಕೊಂಡರೆ ಭಾರವೂ ಹೆಚ್ಚು, ಹಿಡಿತವೂ ಸಡಿಲ ಎಂಬ ಎರಡು ಕಷ್ಟ ಒಟ್ಟಿಗೇ ಬರುತ್ತವೆ.

ಆದ್ದರಿಂದ ರ‍್ಯಾಕಿನ ಮುಂದೆ ನಿಂತಾಗ ಬಣ್ಣವನ್ನೂ ಮೇಲೆ ಬರೆದ ಅಂಕಿಯನ್ನೂ ನೋಡಿ ಮುಗಿಸಬೇಡಿ. ಹೆಬ್ಬೆರಳನ್ನು ಪೂರ್ತಿ ಬುಡದವರೆಗೆ ಒಳಗೆ ಬಿಡಿ. ಒಳಗೇ ಒಮ್ಮೆ ತಿರುಗಿಸಿ. ಸುತ್ತಲೂ ಚರ್ಮ ತಾಗುತ್ತಿರಬೇಕು, ಹೊರಗೆಳೆದಾಗ ಮೆಲ್ಲಗೆ ಉಜ್ಜಿಕೊಂಡು ಬರಬೇಕು, ಆದರೆ ಎಲ್ಲೂ ಸಿಕ್ಕಬಾರದು. ಆಮೇಲೆ ಉಳಿದೆರಡು ಬೆರಳುಗಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ. ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಅಂತರ ಸರಿ ಎಂದು ಹಳಬರು ಹೇಳುತ್ತಾರೆ. ಕೊನೆಯ ಪರೀಕ್ಷೆಯೇ ಮುಖ್ಯ. ಇನ್ನೊಂದು ಕೈ ಕೆಳಗೆ ಆಸರೆಗಿಟ್ಟು, ಚೆಂಡು ಹಿಡಿದ ತೋಳನ್ನು ಪಕ್ಕದಲ್ಲಿ ನೇರವಾಗಿ ಇಳಿಬಿಡಿ. ಹೆಬ್ಬೆರಳು ನೆಟ್ಟಗಿರಲಿ, ಭುಜ ಸಡಿಲವಿರಲಿ. ಹಿಂಡದೆಯೇ ಚೆಂಡು ತೂಗಿ ನಿಂತರೆ ಅದು ನಿಮ್ಮ ಚೆಂಡು. ಹಿಂಡಲೇಬೇಕು ಅನ್ನಿಸಿದರೆ ರ‍್ಯಾಕಿಗೆ ವಾಪಸ್ ಇಡಿ. ಎಷ್ಟು ಜನ ಹಿಂದೆ ಕಾಯುತ್ತಿದ್ದರೂ ಈ ಹೊತ್ತನ್ನು ಉಳಿಸಲು ಹೋಗಬೇಡಿ.

ಸ್ವಂತ ಚೆಂಡು ಕೊಂಡವರ ಕಥೆ ಬೇರೆ. ಅಲ್ಲಿ ಕೈ ಅಳೆದು ತೂತು ಕೊರೆಯುತ್ತಾರೆ, ತಪ್ಪಾಗಿದ್ದರೆ ಮತ್ತೆ ಕೊರೆಸಬಹುದು. ಹೆಬ್ಬೆರಳ ತೂತಿನ ಅಂಚಿನಿಂದ ಉಳಿದ ಬೆರಳುಗಳ ತೂತಿನ ಅಂಚಿನವರೆಗಿನ ಅಂತರಕ್ಕೆ ಸ್ಪ್ಯಾನ್ ಎನ್ನುತ್ತಾರೆ. ಅದು ಉದ್ದವಾದರೆ ಹೆಬ್ಬೆರಳು ಬುಡದವರೆಗೆ ಒಳಗಿಳಿಯುವುದೇ ಇಲ್ಲ, ಬೀಸಿನ ನಡುವೆಯೇ ಹೊರಕ್ಕೆ ಕಿತ್ತುಕೊಂಡು ಬರುತ್ತದೆ. ಗಿಡ್ಡವಾದರೆ ಅಂಗೈ ಮಡಚಿಕೊಂಡು ಬೆರಳು ಹಿಂಡತೊಡಗುತ್ತದೆ. ತೂತು ಕೊರೆದಿರುವ ಓರೆಗೆ ಪಿಚ್ ಎಂದು ಹೆಸರು. ಹೆಬ್ಬೆರಳ ತೂತು ಅಂಗೈಯ ಕಡೆಗೆ ಓರೆಯಾಗಿದ್ದರೆ ಚೆಂಡು ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅಂಗೈಯಿಂದ ಆಚೆಗೆ ಓರೆಯಾಗಿದ್ದರೆ ಬೇಗ ಬಿಡುತ್ತದೆ. ಈ ಓರೆಯನ್ನು ಇಂಚಿನ ಎಂಟನೇ ಒಂದು, ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ ಬದಲಿಸುತ್ತಾರೆ. ಬೆರಳಿಗೆ ಅಷ್ಟು ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ. ಆರು ತಿಂಗಳು ಅಭ್ಯಾಸ ಮಾಡಿದರೂ ಹೋಗದ ದೋಷ, ಕೊರೆಯುವವರ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಹೋಗಿಬಿಡುವುದುಂಟು. ತಂತ್ರ ತಿದ್ದುವ ಮೊದಲು ಅಳತೆ ತಿದ್ದಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಳತೆ ಒಮ್ಮೆ ಸರಿಹೋದರೆ ಮುಗಿಯಿತೇ? ಇಲ್ಲ, ಬೆರಳೇ ದಿನಕ್ಕೊಂದು ಅಳತೆಯದು. ಏಸಿಯ ತಂಪಿನಲ್ಲಿ, ಆಟದ ಮೊದಲ ಅರ್ಧ ಗಂಟೆಯಲ್ಲಿ ಅದು ತುಸು ಕುಗ್ಗಿರುತ್ತದೆ. ಎರಡು ಗೇಮ್ ಆಗುವಷ್ಟರಲ್ಲಿ ರಕ್ತ ಇಳಿದು ಊದಿಕೊಳ್ಳುತ್ತದೆ. ಬೆಳಿಗ್ಗೆ ಹಿತವಾಗಿದ್ದ ತೂತು ಸಂಜೆಗೆ ಬಿಗಿ. ಇದಕ್ಕೆಂದೇ ತೂತಿನೊಳಗೆ ಅಂಟಿಸುವ ಟೇಪ್ ತುಂಡುಗಳು ಸಿಗುತ್ತವೆ. ತುಸು ಒರಟಾದ ಬಿಳಿ ಟೇಪನ್ನು ಬೆರಳಿನ ಹಿಂಬದಿಗೋ ಮುಂಬದಿಗೋ ಅವರವರ ಅಭ್ಯಾಸದಂತೆ ಹಚ್ಚಿ ತೂತನ್ನು ಒಂದೆಳೆ ಕಿರಿದು ಮಾಡುತ್ತಾರೆ, ಬೆರಳು ಊದಿದಾಗ ಒಂದೊಂದೇ ಪದರ ಕಿತ್ತು ತೆಗೆಯುತ್ತಾರೆ. ಟೂರ್ನಿ ಆಡುವವರ ಬ್ಯಾಗಿನಲ್ಲಿ ಟೇಪು, ಅದನ್ನು ಕೀಳಲು ಚಿಮುಟ, ಎಣ್ಣೆ ಒರೆಸುವ ಬಟ್ಟೆ, ಬೆವರು ಹೀರುವ ಪುಡಿಯ ಚೀಲ ಇವಿಷ್ಟೂ ಇದ್ದೇ ಇರುತ್ತವೆ. ನೋಡುವವರಿಗೆ ಅತಿ ಅನ್ನಿಸಬಹುದು. ಬೆವರಿನ ಒಂದು ಹನಿ ಹೆಬ್ಬೆರಳನ್ನು ಅರ್ಧ ಅಡಿ ಮೊದಲೇ ಹೊರತಂದರೆ ಆ ಎಸೆತ ಅಲ್ಲಿಗೇ ಕೆಟ್ಟಿತು.

ಅತಿ ಬಿಗಿಯಾದ ತೂತಿನಿಂದಲೂ ಚೆಂಡು ಬೇಗ ಬೀಳುತ್ತದೆ. ಇದನ್ನು ಕೇಳಿ ಹಲವರು ನಂಬುವುದಿಲ್ಲ. ಒಂದೆರಡು ಸಲ ಹೆಬ್ಬೆರಳು ಸಿಕ್ಕಿ, ಚೆಂಡು ಮೇಲಕ್ಕೆ ಎದ್ದು, ಲೇನಿನ ನಡುವೆ ಬಿದ್ದು, ಬೆರಳಿಗೆ ನೋವಾಗಿರುತ್ತದೆ. ಅಲ್ಲಿಂದ ಮುಂದೆ ದೇಹ ಹೆದರುತ್ತದೆ. ‘ಸಿಕ್ಕಿಕೊಳ್ಳುವ ಮೊದಲೇ ಬಿಟ್ಟುಬಿಡೋಣ’ ಎಂದು ಕೈ ತಾನೇ ತೀರ್ಮಾನಿಸಿ, ಬೀಸು ಕೆಳಗಿಳಿಯುವಾಗಲೇ ಬೆರಳನ್ನು ಸಡಿಲಿಸುತ್ತದೆ. ಇಂಥವರಿಗೆ ಟೇಪ್ ಹಾಕಿ ಬಿಗಿ ಮಾಡಿಕೊಟ್ಟರೆ ರೋಗ ಹೆಚ್ಚುತ್ತದೆ. ಎರಡೂ ದೋಷಗಳು ಹೊರನೋಟಕ್ಕೆ ಒಂದೇ ಥರ ಇದ್ದರೂ ಔಷಧ ಪೂರಾ ವಿರುದ್ಧ.

ಹೀಗಾಗಿ ನೋಡಿ ತಿಳಿಯಲೇಬೇಕು. ಜೊತೆಯವರ ಕೈಗೆ ಮೊಬೈಲ್ ಕೊಟ್ಟು, ಫೌಲ್ ಲೈನ್‌ನ ನೇರಕ್ಕೆ ಪಕ್ಕದಿಂದ, ಮಂಡಿಯ ಎತ್ತರದಲ್ಲಿ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ನೋಡಬೇಕಾದ ಜಾಗ ಒಂದೇ: ಹೆಬ್ಬೆರಳು ಕಾಣಿಸಿಕೊಂಡಾಗ ಚೆಂಡು ಹರಡಿನ ಹಿಂದಿದೆಯೋ, ಪಕ್ಕದಲ್ಲಿದೆಯೋ, ಮುಂದಿದೆಯೋ? ಹಿಂದಿದ್ದರೆ ಬೇಗ ಬೀಳುತ್ತಿದೆ. ಬಹಳ ಮುಂದಿದ್ದು ಚೆಂಡು ಏರುತ್ತಿದ್ದರೆ ಬೆರಳು ಸಿಕ್ಕಿಕೊಳ್ಳುತ್ತಿದೆ. ಬೆರಳಿನ ಚರ್ಮವೂ ಸಾಕ್ಷಿ ಹೇಳುತ್ತದೆ. ಗೆಣ್ಣಿನ ಹಿಂದೆ ಉಜ್ಜಿದ್ದರೆ ಮಡಚಿ ಹಿಂಡುತ್ತಿದ್ದೀರಿ. ಬೆರಳಿನ ಪಕ್ಕದಲ್ಲಿ ಉಜ್ಜಿದ್ದರೆ ಕೈ ತಿರುಗಿಸುತ್ತಿದ್ದೀರಿ, ಇಲ್ಲವೇ ಪಕ್ಕದ ಓರೆ ಸರಿಯಿಲ್ಲ.

ಈ ಕೈ ತಿರುಗಿಸುವುದು ಸ್ವಲ್ಪ ಆಟ ಬಂದವರ ಕಾಯಿಲೆ. ಟಿವಿಯಲ್ಲಿ ಚೆಂಡು ಬಾಗುವುದನ್ನು ನೋಡಿ, ತಾನೂ ಬಾಗಿಸಬೇಕೆಂಬ ಆಸೆಗೆ ಬಿದ್ದು, ಬೀಸು ಕೆಳಗಿಳಿಯುತ್ತಿರುವಾಗಲೇ ಅಂಗೈಯನ್ನು ಚೆಂಡಿನ ಪಕ್ಕಕ್ಕೆ, ಆಮೇಲೆ ಮೇಲಕ್ಕೆ ಹೊರಳಿಸುತ್ತಾರೆ. ಅಂಗೈ ಮೇಲೆ ಹೋದರೆ ಹೆಬ್ಬೆರಳು ನೆಲದ ಕಡೆ ಮುಖ ಮಾಡುತ್ತದೆ. ಅಡಿಯಲ್ಲಿ ಆಸರೆ ಇಲ್ಲದ ಚೆಂಡು ಇನ್ನೇನು ಮಾಡೀತು, ಬೀಳುತ್ತದೆ. ತೂತು ಎಷ್ಟು ಸರಿಯಿದ್ದರೂ ಇಲ್ಲಿ ಉಪಯೋಗವಿಲ್ಲ. ಬಲಗೈಯವರ ಹೆಬ್ಬೆರಳು ಹೊರಬರುವಾಗ, ಮೇಲಿನಿಂದ ನೋಡಿದರೆ, ಗಡಿಯಾರದ ಹತ್ತು ಅಥವಾ ಹನ್ನೊಂದು ಗಂಟೆಯ ಕಡೆಗಿರಬೇಕು. ತಿರುಗುವಿಕೆ ಅದಾದ ಮೇಲೆ, ಬೆರಳುಗಳ ಕೆಲಸವಾಗಿ, ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಇನ್ನು ಕಾಲು. ನಾಲ್ಕು ಹೆಜ್ಜೆಯ ನಡಿಗೆಯಲ್ಲಿ ಬಲಗೈಯವರು ಬಲಗಾಲಿನಿಂದ ಶುರು ಮಾಡಿ, ಅದೇ ಹೆಜ್ಜೆಯ ಜೊತೆ ಚೆಂಡನ್ನು ಮುಂದಕ್ಕೆ ಚಾಚುತ್ತಾರೆ. ಎರಡನೆಯದಕ್ಕೆ ಚೆಂಡು ಕಾಲಿನ ಪಕ್ಕ, ಮೂರನೆಯದಕ್ಕೆ ಹಿಂದೆ ಎತ್ತರದಲ್ಲಿ, ನಾಲ್ಕನೆಯದು ಜಾರುವ ಹೆಜ್ಜೆ ಮತ್ತು ಬಿಡುಗಡೆ. ಹೆಜ್ಜೆಗೂ ಮೊದಲೇ ಚೆಂಡು ಹೊರಟರೆ ಕೊನೆಯಲ್ಲಿ ಕೈ ಬಂದು ನಿಂತಿರುತ್ತದೆ, ಎಡಗಾಲು ಇನ್ನೂ ದಾರಿಯಲ್ಲಿರುತ್ತದೆ. ಕಾಯಲು ಕೈಗೆ ಆಗದು, ಬಿಟ್ಟುಬಿಡುತ್ತದೆ. ಇಂಥವರು ಹೆಜ್ಜೆಯನ್ನು ಅವಸರಿಸಬಾರದು, ಚೆಂಡು ಚಾಚುವುದನ್ನು ತುಸು ತಡಮಾಡಬೇಕು. ಮಂಡಿ ಬಾಗಿಸದೆ ನೆಟ್ಟಗೆ ನಿಂತು ಬಿಡುವವರ ಚೆಂಡು ಸರಿಯಾದ ಹೊತ್ತಿಗೆ ಬಿಟ್ಟರೂ ಎತ್ತರದಿಂದ ಬಿದ್ದು ಸದ್ದು ಮಾಡುತ್ತದೆ. ಪಾದರಕ್ಷೆಯನ್ನೂ ನೋಡಿಕೊಳ್ಳಿ. ಜ್ಯೂಸ್ ಚೆಲ್ಲಿದ ಕಡೆ ಕಾಲಿಟ್ಟು ಬಂದರೆ ಅಟ್ಟೆ ಜಾರುವುದಿಲ್ಲ. ದೇಹ ಗಕ್ಕನೆ ನಿಲ್ಲುತ್ತದೆ, ಚೆಂಡು ಕಿತ್ತುಕೊಂಡು ಹೋಗುತ್ತದೆ, ಆಟಗಾರ ಮುಗ್ಗರಿಸುವ ಅಪಾಯವೂ ಇದೆ.

ಅಭ್ಯಾಸವನ್ನು ನಡಿಗೆಯಿಂದ ಶುರು ಮಾಡುವುದು ನನಗೆ ಸರಿಕಾಣುವುದಿಲ್ಲ. ಜನ ಕಡಿಮೆ ಇರುವ ವಾರದ ಮಧ್ಯಾಹ್ನ ಒಂದು ಲೇನ್ ಹಿಡಿದು, ಫೌಲ್ ಲೈನ್‌ಗೆ ಆರೇಳು ಇಂಚು ಹಿಂದೆ ಎಡಗಾಲು ಮುಂದಿಟ್ಟು, ಮಂಡಿ ಬಾಗಿಸಿ ನಿಂತುಬಿಡಿ. ಹೆಜ್ಜೆ ಹಾಕಬೇಡಿ. ರೂಢಿಗಿಂತ ಹಗುರಾದ ಚೆಂಡನ್ನು ಹಿಂದಕ್ಕೂ ಮುಂದಕ್ಕೂ ಎರಡು ಸಲ ತೂಗಾಡಲು ಬಿಟ್ಟು, ಮೂರನೆಯದಕ್ಕೆ ಹೋಗಲು ಬಿಡಿ. ‘ಬಿಡುತ್ತೇನೆ’ ಎಂದುಕೊಳ್ಳಬೇಡಿ. ಕೈ ಮುಂದಕ್ಕೆ ಸಾಗುತ್ತಿರಲಿ, ಹೆಬ್ಬೆರಳು ತಾನೇ ಬರುತ್ತದೆ. ಮೊದಮೊದಲು ಚೆಂಡು ಬಿದ್ದೇ ಹೋಗುತ್ತದೆಂಬ ಭಯವಿರುತ್ತದೆ. ನೆಟ್ಟಗಿನ ಹೆಬ್ಬೆರಳಲ್ಲಿ ಚೆಂಡು ಹಿಂಡದೆಯೇ ನಿಲ್ಲುತ್ತದೆ ಎಂಬುದು ತೋಳಿಗೆ ಮನವರಿಕೆಯಾದ ದಿನ ಶಬ್ದವೇ ಬದಲಾಗುತ್ತದೆ. ಆಮೇಲೆ ಒಂದು ಹೆಜ್ಜೆ, ಅದು ಕುದುರಿದ ಮೇಲೆ ನಾಲ್ಕು. ಈ ಹೊತ್ತಿನಲ್ಲಿ ಕಣ್ಣು ಪಿನ್‌ಗಳ ಮೇಲೆ ಬೇಡ. ಲೇನಿನಲ್ಲಿ ಸುಮಾರು 15 ಅಡಿ ದೂರದಲ್ಲಿ ಬಾಣದ ಗುರುತುಗಳಿವೆ, ಅವುಗಳಲ್ಲೊಂದನ್ನು ನೋಡಿ. ಪಿನ್ ಬಿತ್ತೋ ಇಲ್ಲವೋ ಎಂದು ತಲೆ ಎತ್ತಿದ ಕೂಡಲೇ ಭುಜ ಏಳುತ್ತದೆ, ಭುಜದ ಹಿಂದೆ ಚೆಂಡು ಜಾರುತ್ತದೆ.

ಶಕ್ತಿಯಿಲ್ಲದೆ ಇದಾಗದು ಎಂದು ಇನ್ನೂ ಅನ್ನಿಸುವವರು ಅರ್ಲ್ ಆಂಥನಿಯ ಹಳೆಯ ವಿಡಿಯೊಗಳನ್ನು ಹುಡುಕಿ ನೋಡಬೇಕು. ಅಮೆರಿಕದ ಈ ಎಡಗೈ ಆಟಗಾರ 1975ರಲ್ಲಿ, ಒಂದೇ ಋತುವಿನಲ್ಲಿ ಒಂದು ಲಕ್ಷ ಡಾಲರ್ ಬಹುಮಾನ ಗೆದ್ದ ಮೊದಲ ವೃತ್ತಿಪರ ಬೌಲರ್ ಎನಿಸಿಕೊಂಡರು. ಅವರ ಬಿಡುಗಡೆಯಲ್ಲಿ ಆರ್ಭಟ ಎಂಬುದೇ ಇಲ್ಲ. ತೋಳು ತನ್ನ ಪಾಡಿಗೆ ಬಂದು ಹೋಗುತ್ತದೆ, ಚೆಂಡು ಲೇನಿನ ಮೇಲಿರುತ್ತದೆ.

ಹೆಬ್ಬೆರಳ ಗೊಡವೆಯನ್ನೇ ಬಿಟ್ಟವರೂ ಇದ್ದಾರೆ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಹೆಬ್ಬೆರಳನ್ನು ತೂತಿಗೆ ಹಾಕುವುದೇ ಇಲ್ಲ, ಎರಡೂ ಕೈಯಲ್ಲಿ ಚೆಂಡು ಹಿಡಿದು ಬೀಸುತ್ತಾರೆ. ಅವರ ತಂದೆತಾಯಿ ಬೌಲಿಂಗ್ ಸೆಂಟರ್ ನಡೆಸುತ್ತಿದ್ದರು. ಮಗುವಿಗೆ ಒಂದು ಕೈಯಲ್ಲಿ ಚೆಂಡು ಎತ್ತಲಾಗುತ್ತಿರಲಿಲ್ಲವೆಂದು ಎರಡು ಕೈ ಬಳಸಿದ್ದು ಹಾಗೆಯೇ ಉಳಿಯಿತು. ಅದೇ ಶೈಲಿಯಲ್ಲಿ ಅವರು ವೃತ್ತಿಪರ ಬೌಲರ್‌ಗಳ ಸಂಘದ 15 ಮೇಜರ್ ಪ್ರಶಸ್ತಿ ಗೆದ್ದು ದಾಖಲೆ ಬರೆದರು. ಇಂದಿನ ಹುಡುಗರು ಇದನ್ನೇ ಕಲಿಯುತ್ತಿದ್ದಾರೆ. ಬೆನ್ನು, ಸೊಂಟ ಚೆನ್ನಾಗಿ ಬಾಗುವ ವಯಸ್ಸಿನವರಿಗೆ ಇದೂ ಒಳ್ಳೆಯ ದಾರಿ. ಆದರೆ ನಲವತ್ತು ದಾಟಿದವರು, ಹೆಬ್ಬೆರಳು ಜಾರುತ್ತದೆಂಬ ಒಂದೇ ಕಾರಣಕ್ಕೆ ಇದಕ್ಕೆ ಬದಲಾಗುವ ಮೊದಲು ಟೇಪಿನ ಒಂದು ತುಂಡನ್ನು ಪ್ರಯತ್ನಿಸಿ ನೋಡುವುದು ಮೇಲು.

ಒಂದು ವಿಷಯದಲ್ಲಿ ಮಾತ್ರ ಪ್ರಯತ್ನ, ತಾಳ್ಮೆ ಎನ್ನುತ್ತಾ ಕೂರಬಾರದು. ತೂತಿನ ಅಂಚಿಗೆ ಒತ್ತಿ ಒತ್ತಿ ಹೆಬ್ಬೆರಳ ಬುಡದ ಒಳಬದಿಯಲ್ಲಿ, ತೋರುಬೆರಳಿನ ಕಡೆಗೆ, ಜುಮ್ಮೆನ್ನುವುದು, ಮರಗಟ್ಟುವುದು, ಮುಟ್ಟಿದರೆ ನೋಯುವ ಸಣ್ಣ ಗಂಟಾಗುವುದು ಇದೆ. ಅಲ್ಲಿ ಹಾದುಹೋಗುವ ನರ ಘಾಸಿಗೊಂಡು ಅದರ ಸುತ್ತ ಅಂಗಾಂಶ ದಪ್ಪವಾಗುವ ತೊಂದರೆಯಿದು. ವೈದ್ಯರು ‘ಬೌಲರ್ಸ್ ಥಂಬ್’ ಎಂದೇ ಕರೆಯುತ್ತಾರೆ. ಹಿಂಡಿ ಹಿಡಿಯುವವರಿಗೂ ಅಳತೆ ತಪ್ಪಿದ ತೂತಿನವರಿಗೂ ಇದರ ಅಪಾಯ ಹೆಚ್ಚು. ಮೊದಲು ಆಟ ನಿಲ್ಲಿಸಿ ಬೆರಳಿಗೆ ವಿಶ್ರಾಂತಿ ಕೊಡಬೇಕು, ಜೊತೆಗೆ ತೂತಿನ ಗಾತ್ರವನ್ನೂ ಓರೆಯನ್ನೂ ಬದಲಿಸಬೇಕು. ಅಂಚನ್ನು ಉಜ್ಜಿ ದುಂಡಗೆ ಮಾಡಿಸಿದರೂ ಒತ್ತಡ ತಗ್ಗುತ್ತದೆ. ಜುಮ್ಮೆನ್ನುವುದು ಆಟ ಬಿಟ್ಟ ಮೇಲೂ ಉಳಿದರೆ ಮೂಳೆ ಅಥವಾ ಕೈ ತಜ್ಞರನ್ನು ಕಾಣಿ. ಹೋಗುವಾಗ ಚೆಂಡನ್ನೂ ತೆಗೆದುಕೊಂಡು ಹೋಗಿ. ಅದರ ಅಂಚು ನಿಮ್ಮ ಬೆರಳಿನ ಯಾವ ಜಾಗಕ್ಕೆ ಒತ್ತುತ್ತಿದೆ ಎಂಬುದನ್ನು ಅವರು ಅಲ್ಲೇ ನೋಡಲಿ.